ರಾಬಿನ್ಸನ್ ಆರ್44 ರೇವನ್ 2: ಅವಸರ ಇಲ್ಲದವರಿಗೆ ಒಳ್ಳೆಯ ಹೆಲಿಕಾಪ್ಟರ್

ನನ್ನ ಲಾಗ್‌ಬುಕ್‌ನಲ್ಲಿರುವ ಗಂಟೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ಮಾದರಿಯದ್ದು. ಹಾರಿಸಲು ಕಲಿತದ್ದು ಇದರಲ್ಲೇ, ಮೊದಲ ಸಲ ಒಬ್ಬನೇ ಮೇಲೆದ್ದದ್ದೂ ಇದರಲ್ಲೇ. ಹಾಗಾಗಿ ಪ್ರೀತಿ ಸ್ವಲ್ಪ ಜಾಸ್ತಿಯೇ ಇದೆ, ಆದರೆ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಎಷ್ಟು ವೇಗ, ಎಷ್ಟು ದೂರ ಅನ್ನುವುದನ್ನು ಯಾವ ಜಾಹೀರಾತಿನಲ್ಲಾದರೂ ಓದಬಹುದು. ನಾನು ಹೇಳಹೊರಟದ್ದು ಬೇರೆ. ಕೀಲಿ ತಿರುಗಿಸುವುದರಿಂದ ಹಿಡಿದು ಬ್ಯಾಟರಿ ಆಫ್ ಮಾಡುವ ತನಕ ಇದು ನಮ್ಮ ಕೈಲಿ ಏನೇನು ಮಾಡಿಸುತ್ತದೆ, ಎಲ್ಲೆಲ್ಲಿ ಕಾಯಿಸುತ್ತದೆ, ಹಾಗೆ ಕಾಯಿಸುವುದಕ್ಕೆ ಕಾರಣ ಇದೆಯಾ ಅನ್ನುವುದು.

ಗೊತ್ತಿಲ್ಲದವರಿಗೆ ಎರಡು ಮಾತಿನ ಪರಿಚಯ. ಆರ್44 ಮೊದಲು ಹಾರಿದ್ದು 1990ರಲ್ಲಿ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1992ರಲ್ಲಿ. ರೇವನ್ 2 ಬಂದದ್ದು 2002ರಲ್ಲಿ. ಇದರಲ್ಲಿ ಕಾರ್ಬ್ಯುರೇಟರ್ ಇಲ್ಲ, ಫ್ಯುಯೆಲ್ ಇಂಜೆಕ್ಷನ್ ಇರುವ ಆರು ಸಿಲಿಂಡರಿನ ಲೈಕಮಿಂಗ್ ಎಂಜಿನ್ ಇದೆ. ಟೇಕಾಫ್‌ಗೆ ಐದು ನಿಮಿಷ 245 ಅಶ್ವಶಕ್ತಿ ಬಳಸಬಹುದು, ಆಮೇಲೆ 205ರಲ್ಲೇ ಇರಬೇಕು. ನಾಲ್ಕು ಸೀಟು, ಎರಡೇ ಬ್ಲೇಡ್. ಗರಿಷ್ಠ ತೂಕ 1134 ಕೆಜಿ.

ಮೊದಲು ಸುತ್ತು ಹಾಕಿ ನೋಡುವ ಕೆಲಸ. ಇದನ್ನು ಬೇಗ ಮುಗಿಸಬೇಕು ಅನ್ನಿಸುತ್ತದೆ, ಮುಗಿಸಬಾರದು. ಟ್ಯಾಂಕಿನ ಕೆಳಗಿನಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಡಬ್ಬಿಗೆ ಇಳಿಸಿ ಬೆಳಕಿಗೆ ಹಿಡಿಯುತ್ತೇವೆ. ವಿಮಾನದ 100ಎಲ್‌ಎಲ್ ಪೆಟ್ರೋಲ್ ತಿಳಿನೀಲಿ ಬಣ್ಣದ್ದು. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಗುಳ್ಳೆ ಗುಳ್ಳೆಯಾಗಿ ನಿಂತಿರುತ್ತದೆ, ಬಣ್ಣ ಇರುವುದಿಲ್ಲ. ಆಮೇಲೆ ನನಗೆ ತುಂಬ ಇಷ್ಟವಾದ ಒಂದು ಸಣ್ಣ ವಸ್ತು: ಗೇರ್‌ಬಾಕ್ಸ್, ಬೇರಿಂಗ್‌ಗಳ ಮೇಲೆ ಅಂಟಿಸಿರುವ ಶಾಖದ ಪಟ್ಟಿ. ಬೆರಳಗಲದ ಪಟ್ಟಿ, ಅದರಲ್ಲಿ ಸಾಲಾಗಿ ಚುಕ್ಕಿಗಳು. ಆ ಭಾಗ ಎಷ್ಟು ಬಿಸಿಯಾಗಿತ್ತೋ ಅಲ್ಲಿಯವರೆಗಿನ ಚುಕ್ಕಿಗಳು ಕಪ್ಪಾಗುತ್ತವೆ, ಮತ್ತೆ ಬೆಳ್ಳಗಾಗುವುದಿಲ್ಲ. ನಿನ್ನೆ ಎಲ್ಲಿಗೆ ನಿಂತಿತ್ತು ಅಂತ ಪಕ್ಕದಲ್ಲಿ ಗೆರೆ ಎಳೆದಿರುತ್ತಾರೆ. ಇವತ್ತು ಗೆರೆಗಿಂತ ಮೇಲಿನ ಚುಕ್ಕಿಯೂ ಕಪ್ಪಾಗಿದ್ದರೆ ಹಾರಾಟ ಇಲ್ಲ, ಮೊದಲು ಮೆಕ್ಯಾನಿಕ್‌ಗೆ ಹೇಳಬೇಕು. ಬ್ಯಾಟರಿ ಬೇಡ, ವೈರ್ ಬೇಡ. ಇಷ್ಟು ಸರಳ ವಸ್ತು ಇಷ್ಟು ನೇರವಾಗಿ ನಿಜ ಹೇಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಸ್ಟಾರ್ಟ್ ಮಾಡುವುದು. ಕಾರಿನ ಅಭ್ಯಾಸ ಇರುವವರಿಗೆ ಮೊದಲ ಗೊಂದಲ ಇಲ್ಲೇ. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ನಿರ್ಧರಿಸುವ ಮಿಕ್ಸ್ಚರ್ ಗುಬ್ಬಿಯನ್ನು ಪೂರ್ತಿ ಒಳಗೆ ತಳ್ಳಿ, ಕೀಲಿಯನ್ನು ಪ್ರೈಮ್‌ಗೆ ತಿರುಗಿಸಿ ಸಿಲಿಂಡರ್‌ಗಳಿಗೆ ಸ್ವಲ್ಪ ಪೆಟ್ರೋಲ್ ಬಿಡಬೇಕು. ಮತ್ತೆ ಮಿಕ್ಸ್ಚರ್ ಪೂರ್ತಿ ಹೊರಗೆ ಎಳೆದು, ಸ್ಟಾರ್ಟರ್ ಒತ್ತಿ, ಎಂಜಿನ್ ಹತ್ತಿಕೊಂಡ ತಕ್ಷಣ ಅದನ್ನು ಮತ್ತೆ ಒಳಗೆ ತಳ್ಳಬೇಕು. ಎರಡು ಕೈಗೂ ಕೆಲಸ. ನಾಲ್ಕೈದು ಸಲ ಮಾಡಿದ ಮೇಲೆ ಕೈಗೆ ತಾನೇ ಬರುತ್ತದೆ. ರೋಟರ್ (ತಿರುಗುವ ಬ್ಲೇಡ್‌ಗಳ ಜೋಡಣೆ) ತಡೆಯುವ ಬ್ರೇಕ್ ಹಾಕಿದ್ದರೆ ಸ್ಟಾರ್ಟರ್ ಕೆಲಸವನ್ನೇ ಮಾಡುವುದಿಲ್ಲ, ಮರೆತವರನ್ನು ಅದೇ ಕಾಪಾಡುತ್ತದೆ. ಮಿಕ್ಸ್ಚರ್ ಗುಬ್ಬಿಗೆ ಒಂದು ಪ್ಲಾಸ್ಟಿಕ್ ಕೊಳವೆಯ ಮುಚ್ಚಳ ಇದೆ. ಎಂಜಿನ್ ಶುರುವಾದ ಮೇಲೆ ಅದನ್ನು ಹಾಕಿಡಬೇಕು. ಮೇಲೆ ಹಾರುವಾಗ ಇನ್ಯಾವುದೋ ಗುಬ್ಬಿ ಅಂದುಕೊಂಡು ಇದನ್ನು ಎಳೆದರೆ ಎಂಜಿನ್ ನಿಂತೇ ಹೋಗುತ್ತದೆ ಅಲ್ವಾ, ಅದಕ್ಕೆ.

ಎಂಜಿನ್ ಓಡುತ್ತಿದೆ, ಬ್ಲೇಡ್ ಇನ್ನೂ ಸುಮ್ನೆ ನಿಂತಿದೆ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ. ಆರ್44ರಲ್ಲಿ ಎಂಜಿನ್‌ಗೂ ರೋಟರ್‌ಗೂ ಮಧ್ಯೆ ರಬ್ಬರ್ ಬೆಲ್ಟ್‌ಗಳಿವೆ, ನಿಂತಿರುವಾಗ ಅವು ಸಡಿಲವಾಗಿರುತ್ತವೆ. ಕ್ಲಚ್ ಸ್ವಿಚ್ ಹಾಕಿದರೆ ಒಂದು ಸಣ್ಣ ಮೋಟರ್ ಮೇಲಿನ ಪುಲ್ಲಿಯನ್ನು ನಿಧಾನಕ್ಕೆ ಎತ್ತುತ್ತದೆ, ಬೆಲ್ಟ್ ಬಿಗಿಯಾಗುತ್ತಾ ಹೋಗುತ್ತದೆ. ಐದು ಸೆಕೆಂಡಿನ ಒಳಗೆ ಬ್ಲೇಡ್ ಚಲಿಸಲು ಶುರುವಾಗಬೇಕು. ಮುಂದೆ ಇರುವ ಮೀಟರ್‌ನಲ್ಲಿ ಎರಡು ಮುಳ್ಳುಗಳಿವೆ, ಒಂದು ಎಂಜಿನ್‌ದು, ಇನ್ನೊಂದು ರೋಟರ್‌ದು. ಎಂಜಿನ್ ಮುಳ್ಳು ಮೇಲೆ ಕಾದಿರುತ್ತದೆ, ರೋಟರ್ ಮುಳ್ಳು ಕೆಳಗಿನಿಂದ ಹತ್ತಿ ಬಂದು ಅದರ ಜೊತೆ ಸೇರುತ್ತದೆ. ಅಷ್ಟಾದರೂ ಕ್ಲಚ್ ಲೈಟ್ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ಬೆಲ್ಟ್ ಇನ್ನೂ ಪೂರ್ತಿ ಬಿಗಿಯಾಗಿಲ್ಲ. ಮೋಟರ್ ನಿಂತಾಗ ಮಾತ್ರ ಲೈಟ್ ಆರುತ್ತದೆ. ಅಲ್ಲಿಯವರೆಗೆ ಏನೂ ಮಾಡುವಂತಿಲ್ಲ. ಆಯಿಲ್ ಪ್ರೆಶರ್ ನೋಡಿ, ಹೆಡ್‌ಸೆಟ್ ಹಾಕಿಕೊಂಡು, ರೇಡಿಯೊ ಹಾಕಿ, ಕೂತಿರಬೇಕು. ಹೊಸಬರ ಕೈ ಎಂಜಿನ್ ವೇಗ ಹೆಚ್ಚಿಸುವ ಥ್ರಾಟಲ್ ಹಿಡಿಯ ಕಡೆ ಹೋಗುವುದೇ ಈ ಹೊತ್ತಿನಲ್ಲಿ.

ಆಮೇಲಿನ ಪರೀಕ್ಷೆಗಳು ಚುರುಕಾಗಿ ಆಗುತ್ತವೆ. ಎಂಜಿನ್ ವೇಗ ಮೀಟರ್‌ನಲ್ಲಿ 75 ಪರ್ಸೆಂಟ್ ಇರುವಾಗ, ಸಿಲಿಂಡರ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗಳನ್ನು ಒಂದೊಂದೇ ಆಫ್ ಮಾಡಿದಾಗ ಎರಡು ಸೆಕೆಂಡಿನಲ್ಲಿ 7 ಪರ್ಸೆಂಟ್‌ಗಿಂತ ಜಾಸ್ತಿ ಇಳಿಯಬಾರದು. ಥ್ರಾಟಲ್ ಪಟ್ಟನೆ ಮುಚ್ಚಿದರೆ ಎರಡೂ ಮುಳ್ಳು ಬೇರೆಯಾಗಬೇಕು. ಎಂಜಿನ್ ನಿಂತರೂ ರೋಟರ್ ತನ್ನ ಪಾಡಿಗೆ ತಿರುಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಹೈಡ್ರಾಲಿಕ್ ಒಂದು ಕ್ಷಣ ಆಫ್ ಮಾಡಿದರೆ ಹೆಲಿಕಾಪ್ಟರನ್ನು ಹಿಂದೆ ಮುಂದೆ, ಅಕ್ಕ ಪಕ್ಕ ವಾಲಿಸುವ ಸೈಕ್ಲಿಕ್ ಗಟ್ಟಿಯಾಗಿ ಕೈ ತಡೆಯುತ್ತದೆ, ಹಾಕಿದರೆ ಬೆಣ್ಣೆಯ ಹಾಗೆ ಹಗುರ. ಕೊನೆಗೆ ಗವರ್ನರ್. 80 ಪರ್ಸೆಂಟ್ ದಾಟಿಸಿದರೆ ಅದೇ ಥ್ರಾಟಲ್ ತಿರುಗಿಸಿಕೊಂಡು 101-102ಕ್ಕೆ ತಂದು ನಿಲ್ಲಿಸುತ್ತದೆ. ಅಂಗೈ ಒಳಗೆ ಹಿಡಿ ತಾನಾಗಿಯೇ ತಿರುಗುವುದು ಗೊತ್ತಾಗುತ್ತದೆ. ಇದರ ಅತ್ಯುತ್ತಮ ಭಾಗ ಯಾವುದು ಅಂತ ಕೇಳಿದರೆ ನಾನು ಗವರ್ನರ್ ಅನ್ನುತ್ತೇನೆ. ಆದರೆ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರೆ ಅದರ ಕೆಲಸಕ್ಕೆ ನಾವೇ ಅಡ್ಡ ಬಂದ ಹಾಗೆ. ಕಲಿಯುವಾಗ ಭಯದಲ್ಲಿ ಎಲ್ಲರೂ ಮಾಡುವುದು ಅದನ್ನೇ. ನನಗೂ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು, "ಕೈ ಸಡಿಲ ಬಿಡಿ."

ಇನ್ನು ಎತ್ತುವುದು. ಸೈಕ್ಲಿಕ್ ಇಲ್ಲಿ ಕಾಲುಗಳ ನಡುವಿನ ಕೋಲಲ್ಲ. ಇಬ್ಬರ ಮಧ್ಯೆ ಒಂದು ಕಂಬ, ಅದರ ಮೇಲೆ ತಕ್ಕಡಿಯ ಹಾಗೆ ಅಡ್ಡ ಕೋಲು. ನಾನು ನನ್ನ ಕಡೆಯ ಹಿಡಿಯನ್ನು ತೊಡೆಯ ಹತ್ತಿರ ಇಳಿಸಿಕೊಂಡರೆ ಪಕ್ಕದವರದು ಎದೆಯ ಎತ್ತರಕ್ಕೆ ಹೋಗುತ್ತದೆ. ನೋಡಲು ಅಷ್ಟೇನೂ ಚೆನ್ನಾಗಿಲ್ಲ, ಆದರೆ ಸೀಟಿಗೆ ಹತ್ತಿ ಇಳಿಯುವುದು ಬಹಳ ಸುಲಭ. ಒಂದು ಗಂಟೆಯಲ್ಲಿ ಅಭ್ಯಾಸವೂ ಆಗಿಬಿಡುತ್ತದೆ. ಎಡಗೈಯಲ್ಲಿ ಕಲೆಕ್ಟಿವ್ (ಹೆಲಿಕಾಪ್ಟರನ್ನು ಮೇಲೇರಿಸುವ, ಇಳಿಸುವ ಹಿಡಿ) ನಿಧಾನಕ್ಕೆ ಎತ್ತುತ್ತಾ ಹೋದರೆ ಮೊದಲು ಸ್ಕಿಡ್‌ಗಳು (ಚಕ್ರದ ಬದಲು ಕೆಳಗಿರುವ ಎರಡು ಉದ್ದ ಕೊಳವೆಗಳು) ಹಗುರವಾಗುತ್ತವೆ. ಇಡೀ ಯಂತ್ರ ನೆಲದ ಮೇಲೆ ಸ್ವಲ್ಪ ತೇಲಾಡಿದ ಹಾಗೆ ಆಗುತ್ತದೆ. ನನಗೆ ಬಹಳ ಮುಖ್ಯ ಅನ್ನಿಸುವ ಗಳಿಗೆ ಇದು. ಇಲ್ಲಿ ನಿಲ್ಲಬೇಕು. ಮೂತಿ ಯಾವ ಕಡೆ ತಿರುಗುತ್ತಿದೆ, ಯಾವ ಕಡೆ ಜಾರುತ್ತಿದೆ ಅಂತ ನೋಡಿ, ಪೆಡಲ್ ಮತ್ತು ಸೈಕ್ಲಿಕ್ ಸರಿ ಮಾಡಿಕೊಂಡ ಮೇಲೆಯೇ ಮುಂದಿನ ಅಂಗುಲ. ಸ್ಕಿಡ್ ಏನಕ್ಕಾದರೂ ಸಿಕ್ಕಿಕೊಂಡಿದ್ದರೆ, ಅವಸರದಲ್ಲಿ ಎತ್ತಿದರೆ, ಸಿಕ್ಕಿದ ಸ್ಕಿಡ್ಡನ್ನೇ ಆಸರೆ ಮಾಡಿಕೊಂಡು ಹೆಲಿಕಾಪ್ಟರ್ ಮಗ್ಗುಲಿಗೆ ಉರುಳುತ್ತದೆ. ಒಂದು ಹಂತ ದಾಟಿದರೆ ಸೈಕ್ಲಿಕ್‌ನಿಂದ ಅದನ್ನು ತಡೆಯಲು ಆಗುವುದಿಲ್ಲ. ಮೊದಲೇ ಕಲೆಕ್ಟಿವ್ ಮೆಲ್ಲಗೆ ಇಳಿಸುವುದೊಂದೇ ದಾರಿ. ನೆಲ ಬಿಡುವಾಗ ಎರಡು ಸ್ಕಿಡ್ ಒಟ್ಟಿಗೆ ಬಿಡುವುದಿಲ್ಲ ಅನ್ನುವುದನ್ನೂ ತಿಳಿದಿರಬೇಕು. ಬಾಲದ ರೋಟರ್ ಬಲಕ್ಕೆ ತಳ್ಳುತ್ತದೆ, ನಾವು ಸೈಕ್ಲಿಕ್ ಎಡಕ್ಕೆ ಹಿಡಿಯುತ್ತೇವೆ, ಹಾಗಾಗಿ ಸಾಮಾನ್ಯವಾಗಿ ಎಡ ಸ್ಕಿಡ್ ಸ್ವಲ್ಪ ಕೆಳಗೆ ಜೋತಾಡುತ್ತದೆ. ಇಳಿಯುವಾಗಲೂ ಅದೇ ಮೊದಲು ನೆಲ ಮುಟ್ಟುತ್ತದೆ.

ಸಿನಿಮಾದಲ್ಲಿ ತೋರಿಸುವ ಹಾಗೆ ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ಹೋಗುವುದು ಮಾಮೂಲಿ ಟೇಕಾಫ್ ಅಲ್ಲ. ನೆಲದ ಹತ್ತಿರವೇ ಇದ್ದು ಮೂತಿ ಸ್ವಲ್ಪ ತಗ್ಗಿಸಿ ಮುಂದೆ ಓಡಿಸುತ್ತೇವೆ. 16ರಿಂದ 24 ನಾಟ್ ಮಧ್ಯೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ) ಹೆಲಿಕಾಪ್ಟರಿನ ಇಡೀ ದೇಹ ಒಮ್ಮೆ ನಡುಗಿ, ಯಾರೋ ಕೆಳಗಿನಿಂದ ಎತ್ತಿದ ಹಾಗೆ ಮೇಲೇಳುತ್ತದೆ. ರೋಟರ್‌ಗೆ ಹೊಸ ಗಾಳಿ ಸಿಕ್ಕಿತು ಅಂತ ಅರ್ಥ. ವೇಗ ಹಿಡಿದುಕೊಂಡು 60 ನಾಟ್‌ನಲ್ಲಿ ಮೇಲೇರಬೇಕು. ಎತ್ತರವೂ ಇಲ್ಲದೆ ವೇಗವೂ ಇಲ್ಲದೆ ಇರುವಾಗ ಎಂಜಿನ್ ನಿಂತರೆ ಇಳಿಸಲು ಬೇಕಾದ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಯಾವ ಎತ್ತರಕ್ಕೆ ಎಷ್ಟು ವೇಗ ಬೇಕು ಅಂತ ಕೈಪಿಡಿಯಲ್ಲಿ ನಕ್ಷೆ ಇದೆ, ಅದನ್ನು ಬಾಯಿಪಾಠ ಮಾಡುವುದು ಒಳ್ಳೆಯದು. ಶಕ್ತಿಯ ಲೆಕ್ಕವೂ ಹಾಗೆ. ಕಲೆಕ್ಟಿವ್ ಎಳೆದರೆ ಈ ಎಂಜಿನ್ 245ಕ್ಕಿಂತ ಜಾಸ್ತಿಯೇ ಕೊಡಬಲ್ಲದು, ಕಂಪನಿ ಬೇಕೆಂದೇ ಕಡಿಮೆಗೆ ಮಿತಿ ಇಟ್ಟಿದೆ. ತಾನಾಗಿ ತಡೆಯುವ ವ್ಯವಸ್ಥೆ ಇಲ್ಲ. ಆ ದಿನದ ಬಿಸಿಲು, ಎತ್ತರಕ್ಕೆ ತಕ್ಕ ಮಿತಿಯನ್ನು ಪಟ್ಟಿಯಲ್ಲಿ ನೋಡಿ, ಎಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ ಅಂತ ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಮುಳ್ಳು ಅದನ್ನು ದಾಟದಂತೆ ನಾವೇ ಕಾಯಬೇಕು.

ಮೇಲೆ ಹೋದ ಮೇಲೆ ಇದು ಸುಖದ ಸವಾರಿ. 110 ನಾಟ್ ಹತ್ತಿರ ಆರಾಮಾಗಿ ಹೋಗುತ್ತದೆ, ಮುಂದಿನ ಗಾಜು ಅಗಲವಾಗಿದೆ, ಹಿಂದೆ ಕೂತವರಿಗೂ ಚೆನ್ನಾಗಿ ಕಾಣುತ್ತದೆ.

ಒಂದು ಸಲ ನೆಲದಿಂದ ಒಂದು ಸಾವಿರ ಅಡಿ ಮೇಲೆ ಇದ್ದಾಗ ಇದ್ದಕ್ಕಿದ್ದಂತೆ ಕ್ಲಚ್ ಲೈಟ್ ಹತ್ತಿಕೊಂಡಿತು. ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಕೈ ಆಡಿಸಲಿಲ್ಲ. "ಎಣಿಸಿ" ಅಂದರು. ಒಂದು, ಎರಡು, ಮೂರು. ಆರಿತು. ಬಿಸಿಯಾದ ಬೆಲ್ಟ್ ಸ್ವಲ್ಪ ಹಿಗ್ಗಿದಾಗ ಮೋಟರ್ ತಾನೇ ಮತ್ತೆ ಬಿಗಿ ಮಾಡುತ್ತದೆ, ಆ ಹೊತ್ತಿಗೆ ಲೈಟ್ ಹತ್ತುತ್ತದೆ. ಅದು ಸರಿ. ಹತ್ತು ಸೆಕೆಂಡ್ ಆದರೂ ಆರದಿದ್ದರೆ ಕ್ಲಚ್‌ನ ಸರ್ಕ್ಯೂಟ್ ಬ್ರೇಕರ್ ಎಳೆದು ಇಳಿಯುವ ಜಾಗ ನೋಡಬೇಕು. ಸುಟ್ಟ ವಾಸನೆ, ನಡುಕ, ಬೇರೆ ಸದ್ದು ಏನಾದರೂ ಜೊತೆಗಿದ್ದರೆ ಜಾಗ ಆರಿಸುತ್ತಾ ಕೂರುವಂತಿಲ್ಲ, ತಕ್ಷಣ ಇಳಿಸಬೇಕು. ಆ ಮೂರು ಸೆಕೆಂಡಿನಲ್ಲಿ ನಾನು ಕಲಿತಷ್ಟು ತರಗತಿಯಲ್ಲಿ ಕಲಿತಿರಲಿಲ್ಲ.

ಈ ಯಂತ್ರದ ನಿಜವಾದ ಅಪಾಯ ಬೇರೆ ಕಡೆ ಇದೆ, ಅದನ್ನು ಹೇಳದೆ ಬರೀ ಹೊಗಳಿದರೆ ಅನ್ಯಾಯ. ಎರಡು ಬ್ಲೇಡಿನ ರೋಟರ್ ಏತದ ಹಾಗೆ ಒಂದೇ ಕೀಲಿನ ಮೇಲೆ ಆಡುತ್ತದೆ. ಸೈಕ್ಲಿಕ್ ಪಟ್ಟನೆ ಮುಂದೆ ತಳ್ಳಿದರೆ, ಉಯ್ಯಾಲೆಯ ತುದಿಯಲ್ಲಿ ಹೊಟ್ಟೆ ಹಗುರಾಗುತ್ತದಲ್ಲ, ಹಾಗೆ ಆಗುತ್ತದೆ. ಆಗ ರೋಟರ್ ಮೇಲೆ ಭಾರ ಇರುವುದಿಲ್ಲ, ಬಾಲದ ರೋಟರ್ ಮಾತ್ರ ತಳ್ಳುತ್ತಲೇ ಇರುತ್ತದೆ, ಹೆಲಿಕಾಪ್ಟರ್ ಬಲಕ್ಕೆ ವಾಲುತ್ತದೆ. ಯಾರಿಗಾದರೂ ಸೈಕ್ಲಿಕ್ ಎಡಕ್ಕೆ ಎಳೆಯಬೇಕು ಅನ್ನಿಸುತ್ತದೆ. ಹಾಗೆ ಎಳೆದರೆ ರೋಟರ್ ಹೆಡ್ ತನ್ನನ್ನು ಹೊತ್ತ ಕಂಬಕ್ಕೇ, ಅಂದರೆ ಮಾಸ್ಟ್‌ಗೇ ಬಡಿಯಬಹುದು, ಅದರಿಂದ ಜನ ಸತ್ತಿದ್ದಾರೆ. ಮೊದಲು ಸೈಕ್ಲಿಕ್ ಮೆಲ್ಲಗೆ ಹಿಂದಕ್ಕೆ ತಂದು ರೋಟರ್ ಮೇಲೆ ಮತ್ತೆ ಭಾರ ಬೀಳುವಂತೆ ಮಾಡಬೇಕು, ವಾಲಿದ್ದನ್ನು ಆಮೇಲೆ ಸರಿಪಡಿಸಬೇಕು. ಇದೇ ಕಂಪನಿಯ ಎರಡು ಸೀಟಿನ ಆರ್22 ಮತ್ತು ಆರ್44 ಹಾರಿಸುವವರಿಗೆ ಇದರ ಬಗ್ಗೆ ಪ್ರತ್ಯೇಕ ತರಬೇತಿ ಕಡ್ಡಾಯ ಅಂತ ಎಫ್‌ಎಎ 1995ರಲ್ಲೇ ನಿಯಮ ತಂದಿತ್ತು. ಗಾಳಿ ಜೋರಾಗಿ ಅಲುಗಾಡಿಸುವ ದಿನ ವೇಗ ಇಳಿಸಿ ಹಾರಿಸಿ. ಗಾಳಿ ಮಿತಿ ಮೀರಿದ್ದರೆ ಹೋಗಲೇಬೇಡಿ.

ಎಂಜಿನ್ ನಿಂತಾಗ ಇಳಿಸುವ ಅಭ್ಯಾಸದಲ್ಲಿ ಆರ್44 ಬಹಳ ಒಳ್ಳೆಯ ಜೊತೆಗಾರ. ಕಲೆಕ್ಟಿವ್ ತಕ್ಷಣ ಕೆಳಗೆ, ವೇಗ 70 ನಾಟ್, ಕಣ್ಣು ರೋಟರ್ ಮುಳ್ಳಿನ ಮೇಲೆ. ಅದು 90ರಿಂದ 108 ಪರ್ಸೆಂಟ್ ಮಧ್ಯೆ ಇರಬೇಕು. ಬ್ಲೇಡ್ ಭಾರವಾಗಿರುವುದರಿಂದ ಆರ್22ಗಿಂತ ಇದು ಯೋಚಿಸಲು ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತದೆ. ಆದರೂ 97ಕ್ಕಿಂತ ಕೆಳಗೆ ಹೋದಾಗ ಕೂಗುವ ಹಾರ್ನ್ ಕೇಳಿದರೆ ಕೈ ತಾನೇ ಕಲೆಕ್ಟಿವ್ ಇಳಿಸುವಷ್ಟು ಅಭ್ಯಾಸ ಆಗಿರಬೇಕು.

ಇಳಿಯಲು ಬರುವಾಗಲೂ ಅವಸರಕ್ಕೆ ಜಾಗ ಇಲ್ಲ. ಗಾಳಿಗೆ ಎದುರಾಗಿ, 60 ನಾಟ್‌ನಿಂದ ಶುರು ಮಾಡಿ, ವೇಗ ಮತ್ತು ಎತ್ತರ ಎರಡನ್ನೂ ಒಟ್ಟಿಗೆ ಕಳೆಯುತ್ತಾ ಬರಬೇಕು. ವೇಗ 30 ನಾಟ್‌ಗಿಂತ ಕಡಿಮೆಯಾದ ಮೇಲೆ ನಿಮಿಷಕ್ಕೆ 300 ಅಡಿಗಿಂತ ಜೋರಾಗಿ ಇಳಿಯಬಾರದು. ಇಳಿದರೆ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ರೋಟರ್ ಸಿಕ್ಕಿಕೊಳ್ಳುತ್ತದೆ, ಆಗ ಶಕ್ತಿ ಹೆಚ್ಚಿಸಿದಷ್ಟೂ ಇನ್ನೂ ಜೋರಾಗಿ ಬೀಳುತ್ತದೆ. ನೆಲದಿಂದ ಕೆಲವು ಅಡಿ ಮೇಲೆ ಬಂದು ಹೋವರ್‌ನಲ್ಲಿ ನಿಂತಾಗ ಸಾಕಾಯಿತು ಅನ್ನಿಸುತ್ತದೆ, ದೂರದ ಒಂದು ಗುರುತು ನೋಡುತ್ತಾ ಕಲೆಕ್ಟಿವ್ ಒಂದೊಂದೇ ಕೂದಲೆಳೆಯಷ್ಟು ಇಳಿಸಬೇಕು. ಎಡ ಸ್ಕಿಡ್ ಮುಟ್ಟಿತು, ಬಲ ಸ್ಕಿಡ್ ಮುಟ್ಟಿತು. ಆಗಲೂ ಕಲೆಕ್ಟಿವ್ ಪೂರ್ತಿ ಕೆಳಗೆ ಹೋಗುವ ತನಕ ಹಾರುತ್ತಲೇ ಇದ್ದೇವೆ ಅಂತಲೇ ತಿಳಿಯಬೇಕು. ಕಾಲಡಿಯ ಉದ್ದ ಹುಲ್ಲು ಅಲೆಅಲೆಯಾಗಿ ಮಲಗಿದಾಗ ಅದನ್ನು ನೋಡುತ್ತಾ ಕೂತರೆ ನಾವೇ ಜಾರುತ್ತಿದ್ದೇವೆ ಅನ್ನಿಸಿ ಕೈ ತಪ್ಪುತ್ತದೆ, ಅದಕ್ಕೇ ದೂರದ ಗುರುತು.

ಈ ಹೆಲಿಕಾಪ್ಟರ್ ಬಗ್ಗೆ ನನ್ನ ದೂರುಗಳು ಎರಡು. ಒಂದು, ನಾಲ್ಕು ಸೀಟು ಅಂತ ಇದ್ದರೂ ಎರಡೂ ಟ್ಯಾಂಕ್ ತುಂಬಿಸಿ ನಾಲ್ಕು ಜನ ದೊಡ್ಡವರು ಬ್ಯಾಗ್ ಸಮೇತ ಕೂತರೆ ಸಾಮಾನ್ಯವಾಗಿ ತೂಕ ಮೀರುತ್ತದೆ. ಒಂದು ಸೀಟಿಗೆ, ಅದರ ಕೆಳಗಿನ ಸಾಮಾನೂ ಸೇರಿ, 136 ಕೆಜಿ ಮಿತಿ. ಸೀಟಿನ ಕೆಳಗಿನ ಸಾಮಾನಿನ ಪೆಟ್ಟಿಗೆಗೆ ಮಾತ್ರ 22 ಕೆಜಿ ಚಿಲ್ಲರೆ. ಹಾಗಾಗಿ ಯಾರಿಗಾದರೂ "ನೀವು ಬೇಡ" ಅಂತ ಹೇಳಬೇಕಾಗುತ್ತದೆ, ಅಥವಾ ಪೆಟ್ರೋಲ್ ಕಡಿಮೆ ಹಾಕಬೇಕಾಗುತ್ತದೆ. ಎರಡು, 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಪೂರ್ತಿ ಓವರ್‌ಹಾಲ್ ಆಗಬೇಕು. ಜಾಸ್ತಿ ಹಾರಿಸುವವರಿಗೆ ಸರಿ, ವರ್ಷಕ್ಕೆ ಐವತ್ತು ಗಂಟೆ ಹಾರಿಸುವ ಸ್ವಂತ ಮಾಲೀಕನಿಗೆ ಗಂಟೆಗಳು ಉಳಿದಿರುವಾಗಲೇ ವರ್ಷ ಮುಗಿದುಹೋಗುತ್ತದೆ. ಕೊಳ್ಳುವ ಯೋಚನೆ ಇದ್ದರೆ ಮೊದಲು ಈ ಲೆಕ್ಕ ಹಾಕಿ.

ಹಳೆಯದನ್ನು ಕೊಳ್ಳುವುದಾದರೆ ಇನ್ನೊಂದು. ಟ್ಯಾಂಕ್ ಒಳಗೆ ರಬ್ಬರ್ ಚೀಲ ಇದೆಯಾ ನೋಡಿ. ಮೊದಲಿನವು ಬರೀ ಅಲ್ಯೂಮಿನಿಯಂ ಟ್ಯಾಂಕ್, ಬಿದ್ದಾಗ ಒಡೆದು ಬೆಂಕಿ ಹತ್ತುತ್ತಿತ್ತು. ಆಮೇಲೆ ಕಂಪನಿಯೇ ಚೀಲ ಇರುವ ಟ್ಯಾಂಕ್ ಹಾಕತೊಡಗಿತು. ಇದರಲ್ಲಿ ರಾಜಿ ಬೇಡ.

ಕೊನೆಯದು ನಿಲ್ಲಿಸುವುದು. ನನಗೆ ಇದರ ಬಗ್ಗೆಯೇ ಜಾಸ್ತಿ ಹೇಳಬೇಕಿದೆ, ಯಾಕೆಂದರೆ ಎಲ್ಲರೂ ಇದನ್ನೇ ಕಡೆಗಣಿಸುತ್ತಾರೆ. ಕಲೆಕ್ಟಿವ್ ಕೆಳಗೆ, ಆರ್‌ಪಿಎಂ 60-70 ಪರ್ಸೆಂಟ್‌ಗೆ ಇಳಿಸಿ, ಹಿಡಿಗಳು ಅಲುಗದ ಹಾಗೆ ಫ್ರಿಕ್ಷನ್ ಬಿಗಿ ಮಾಡಿ, ಸಿಲಿಂಡರ್ ಶಾಖ ಇಳಿಯುವ ತನಕ ಕೂರಬೇಕು. ಥ್ರಾಟಲ್ ಮುಚ್ಚಿ, ಕ್ಲಚ್ ಬಿಡಿಸಿ, 30 ಸೆಕೆಂಡ್ ಕಾದು ಮಿಕ್ಸ್ಚರ್ ಎಳೆಯಬೇಕು. ಎಂಜಿನ್ ನಿಂತ ಮೇಲೆ ಮತ್ತೆ 30 ಸೆಕೆಂಡ್. ಆಮೇಲೆ ತಲೆಯ ಮೇಲಿರುವ ಬ್ರೇಕ್ ಹಿಡಿಯನ್ನು ಎಳೆದು ಅದರ ಮಣಿಸರವನ್ನು ಕೊಕ್ಕೆಗೆ ಸಿಕ್ಕಿಸಬೇಕು. ಬ್ಲೇಡ್ ಬೇಗ ನಿಲ್ಲಲಿ ಅಂತ ಕೆಲವರು ಕಲೆಕ್ಟಿವ್ ಎತ್ತುತ್ತಾರೆ. ಅದು ತಪ್ಪು. ನಿಧಾನವಾದ ಬ್ಲೇಡ್ ಬಳುಕಿ ಬಾಲಕ್ಕೆ ಹೊಡೆಯಬಹುದು.

ನಾನು ಮೊದಲು ಕಲಿತ ಒಂದು ತರಬೇತಿ ಕೇಂದ್ರದಲ್ಲಿ, ಹೆಸರು ಬೇಡ, ಈ ಎರಡು 30 ಸೆಕೆಂಡುಗಳಿಗೆ ಬೆಲೆಯೇ ಇರಲಿಲ್ಲ. ಮುಂದಿನವರು ಬಾಗಿಲ ಬಳಿ ನಿಂತಿರುತ್ತಿದ್ದರು. "ಸಾಕು ಸಾಕು, ಎಳೆಯಿರಿ" ಅನ್ನುವ ಮಾತು ಬರುತ್ತಿತ್ತು. ಒಂದು ದಿನ ಬ್ಲೇಡ್ ಇನ್ನೂ ತಿರುಗುತ್ತಿರುವಾಗಲೇ ಹಿಂದಿನ ಸೀಟಿನಿಂದ ಒಬ್ಬರು ಇಳಿದು ಬಾಲದ ಕಡೆ ಎರಡು ಹೆಜ್ಜೆ ಇಟ್ಟರು. ಬಾಲದ ರೋಟರ್ ಸರಿಯಾಗಿ ತಲೆಯ ಎತ್ತರಕ್ಕೆ ಇರುತ್ತದೆ, ತಿರುಗುವಾಗ ಕಣ್ಣಿಗೆ ಕಾಣುವುದೂ ಇಲ್ಲ. ನೆಲದಲ್ಲಿದ್ದ ಹುಡುಗ ಓಡಿ ಬಂದು ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡ. ನಾನು ಆ ತಿಂಗಳೇ ಬೇರೆ ಕಡೆ ಸೇರಿದೆ.

ಅಂದಿನಿಂದ ಹತ್ತುವ ಮೊದಲೇ ಜೊತೆಗೆ ಬಂದವರಿಗೆ ಹೇಳಿಬಿಡುತ್ತೇನೆ: ಬ್ಲೇಡ್ ಪೂರ್ತಿ ನಿಲ್ಲುವ ತನಕ ಸೀಟ್ ಬೆಲ್ಟ್ ಬಿಚ್ಚಬೇಡಿ, ಬಾಗಿಲು ನಾನೇ ತೆಗೆಯುತ್ತೇನೆ. ಬ್ರೇಕ್ ಹಾಕಿ, ಬ್ಲೇಡ್ ನಿಂತ ಮೇಲೂ ಕ್ಲಚ್ ಲೈಟ್ ಇನ್ನೂ ಉರಿಯುತ್ತಿದ್ದರೆ ಬೆಲ್ಟ್ ಪೂರ್ತಿ ಸಡಿಲವಾಗಿಲ್ಲ ಅಂತ ಅರ್ಥ. ಹಿಂದೆ ಆ ಮೋಟರ್ ಸಣ್ಣಗೆ ಗುಂಯ್ ಅನ್ನುತ್ತಿರುತ್ತದೆ. ಅದು ನಿಂತು ಲೈಟ್ ಆರಿದ ಮೇಲೆ ಬ್ಯಾಟರಿ ಆಫ್, ಕೀಲಿ ಹೊರಗೆ, ಆಮೇಲೆ ಬಾಗಿಲು.